ಕೈಗೋಡೆಯ ಸಾಕ್ಷಿ

ಬೆಳ್ಗಿರಿ ದುರ್ಗವನ್ನು ದೂರದಿಂದ ಮೊದಲ ಸಲ ಕಂಡ ದಾರಿಹೋಕರು, ಕರಿಬಂಡೆಗಳ ನೆತ್ತಿಯ ಮೇಲೆ ಯಾರೋ ಬೆಣ್ಣೆಯ ಮುದ್ದೆಯಿಟ್ಟು ಮರೆತುಹೋಗಿದ್ದಾರೆಂದು ಭ್ರಮಿಸುತ್ತಿದ್ದರು. ಸುತ್ತಲಿನ ಪಾಳೆಯಗಾರರೆಲ್ಲ ಕಲ್ಲಿನ ಕೋಟೆ ಕಟ್ಟಿಕೊಂಡಿದ್ದರೆ, ಇಲ್ಲಿ ಬುರುಜಿನಿಂದ ಹಿಡಿದು ಅರಮನೆಯ ದನದ ಕೊಟ್ಟಿಗೆಯವರೆಗೆ ಸುಟ್ಟ ಇಟ್ಟಿಗೆಯ ಗೋಡೆ, ಅದರ ಮೇಲೆ ಕನ್ನಡಿಯಂತೆ ಹೊಳೆಯುವ ಸುಣ್ಣದ ಗಾರೆ. ಬೆಳಗಾದರೆ ಸಾಕು, ಕೋಟೆಯ ಕೆಳಗಿನ ಗೂಡುಗಳಿಂದ ಸುಣ್ಣದ ಕಲ್ಲು ಸುಡುವ ಹೊಗೆ ಏಳುತ್ತಿತ್ತು. ಗಾರೆಯ ಗಾಣಗಳಲ್ಲಿ ಎತ್ತುಗಳು ಕಲ್ಲಿನ ಚಕ್ರವನ್ನೆಳೆಯುತ್ತ ಸುತ್ತುತ್ತಿದ್ದವು. ಉಪ್ಪಾರ ಕೇರಿಯ ಹೆಂಗಸರು ಅಳಲೆಕಾಯಿ ನೆನೆಸಿದ ನೀರನ್ನೂ ಬೆಲ್ಲದ ನೀರನ್ನೂ ಹೊಯ್ದು, ಹಾಡುತ್ತ, ಹಾಡು ಮುಗಿದಾಗ ಅರಮನೆಯವರ ಮಾನ ಕಳೆಯುತ್ತ, ಗಾರೆಯನ್ನು ಬೆಣ್ಣೆಯಾಗುವ ತನಕ ಅರೆಯುತ್ತಿದ್ದರು. ಮೇಲೆ ಪೇಟೆಯಲ್ಲಿ ಕುದುರೆಯ ದಲ್ಲಾಳಿಗಳು, ಬಳೆಗಾರರು, ಹೂವಿನವರು, ಯಾವ ಕೆಲಸವೂ ಇಲ್ಲದೆ ಎಲ್ಲ ಕೆಲಸದಲ್ಲೂ ಮೂಗು ತೂರಿಸುವ ಅರಮನೆಯ ಊಳಿಗದವರು. ಈ ಗದ್ದಲದ ನಡುವೆ ಒಂದೇ ಒಂದು ಜಾಗ ಮಾತ್ರ ಸದಾ ಮೌನವಾಗಿರುತ್ತಿತ್ತು. ಅದು ಅರಮನೆಯ ಹಜಾರದ ಪಡುವಣ ಗೋಡೆ. ಜನ ಅದನ್ನು ಕೈಗೋಡೆಯೆನ್ನುತ್ತಿದ್ದರು.

ಬೆಳ್ಗಿರಿಯ ನಾಯಕರಿಗೆ ಓಲೆಯ ಮೇಲೆ ನಂಬಿಕೆಯಿರಲಿಲ್ಲ. ಓಲೆಯನ್ನು ಇಲಿ ತಿನ್ನುತ್ತದೆ, ಮಂತ್ರಿ ತಿದ್ದುತ್ತಾನೆ. ಆದುದರಿಂದ ಪಟ್ಟ ಯಾರಿಗೆಂಬುದನ್ನು ಅವರು ಗಾರೆಯಲ್ಲಿ ಹೇಳುತ್ತಿದ್ದರು. ಗೋಡೆಯ ಮೇಲೆ ಅಂಚು ಎತ್ತಿದ ಎರಡು ಚೌಕಗಳನ್ನು ಮಾಡಿಸಿ, ಒಂದರ ಹಸಿ ಗಾರೆಯಲ್ಲಿ ಆಳುವ ನಾಯಕ ತನ್ನ ಬಲ ಅಂಗೈಯನ್ನೊತ್ತುವನು. ಪಕ್ಕದ ಚೌಕದಲ್ಲಿ ತನ್ನ ನಂತರ ಆಳತಕ್ಕವನ ಅಂಗೈಯನ್ನೊತ್ತಿಸುವನು. ಗಾರೆ ಬೆಳ್ಳಗೆ ಒಣಗಿದ ಮೇಲೆ ಪಟ್ಟ. ಹೀಗೆ ಆ ಗೋಡೆಯ ತುಂಬ ಸತ್ತ ನಾಯಕರ ಕೈಗಳು ಜೋಡಿಜೋಡಿಯಾಗಿ, ಏನನ್ನೋ ತಡೆದು ನಿಲ್ಲಿಸಿದಂತೆ ಸಾಲಾಗಿದ್ದವು.

ಆ ಗೋಡೆಯ ಕೆಲಸ ಸೂರಯ್ಯನ ಮನೆತನದ್ದು. ಸೂರಯ್ಯನೆಂದರೆ ನಲವತ್ತು ದಾಟಿದ, ಮಾತು ಕಡಿಮೆಯ, ಮಕ್ಕಳಿಲ್ಲದ ಮನುಷ್ಯ. ಅವನ ಪಾಲಿನ ಮಾತನ್ನೂ ಸೇರಿಸಿ ಅವನ ಹೆಂಡತಿ ಹೊನ್ನೂರಿ ಆಡುತ್ತಿದ್ದಳು. ಅವಳ ಬಾಯಲ್ಲಿ ಗುಟ್ಟು ನಿಲ್ಲುವುದೂ ಜರಡಿಯಲ್ಲಿ ನೀರು ನಿಲ್ಲುವುದೂ ಒಂದೇ ಎಂದು ಕೇರಿಯವರು ನಗುತ್ತಿದ್ದರು. ಅವಳು ಗಾರೆ ಅರೆಯುವಳು, ಅವನು ಮೆತ್ತುವನು. ಗಾರೆ ಮೆತ್ತುವ ಕರಣೆಯನ್ನು ಹೆಂಗಸು ಮುಟ್ಟಬಾರದೆಂದು ಆ ಕುಲದ ಕಟ್ಟಳೆ. ಗಾರೆಯ ಹದವೆಲ್ಲ ಅರೆಯುವವಳ ರಟ್ಟೆಯಲ್ಲಿ, ಗೋಡೆಯ ಹೆಸರೆಲ್ಲ ಮೆತ್ತುವವನಿಗೆ! ಹೊನ್ನೂರಿ ಇದನ್ನು ಹೇಳದ ದಿನವಿರಲಿಲ್ಲ.

ರಾಯಪ್ಪ ನಾಯಕನಿಗೆ ಬೇಟೆಯಲ್ಲಿ ಹಂದಿ ತಿವಿದು, ಹೊಟ್ಟೆಯ ಗಾಯ ಕೀವಾಯಿತು. ಸಾಕ್ಷಿಗೆ ಬರಬೇಕಾದ ಗಡಿಯ ಗೌಡರಿಗೆ ಹೇಳಿಕಳಿಸುವಷ್ಟು ವ್ಯವಧಾನ ಉಳಿದಿರಲಿಲ್ಲ. ಅವನನ್ನು ಮಂಚದ ಸಮೇತ ಹಜಾರಕ್ಕೆ ಹೊತ್ತು ತಂದು, ಹೊತ್ತವರನ್ನು ಹೊರಗೆ ಕಳಿಸಿದರು. ಒಳಗೆ ಉಳಿದವರು ನಾಯಕನ ಮಡದಿ ಚಂದ್ರವ್ವ ನಾಗತಿ, ಅವಳ ಸೊಂಟದ ಮೇಲೆ ಮಗ ಬೊಮ್ಮಣ್ಣ, ನಾಯಕನ ತಮ್ಮ ಸರ್ಜಪ್ಪ, ಮತ್ತೆ ಗಾರೆಯ ಬಾನಿ ಹಿಡಿದ ಸೂರಯ್ಯ.

ನಾಯಕ ತನ್ನ ಕೈಯೊತ್ತಿದ. ಆಮೇಲೆ ಸೂರಯ್ಯ ಮಗುವಿನ ಅಂಗೈಗೆ, ಸುಣ್ಣ ಸುಡದ ಹಾಗೆ, ತುಪ್ಪ ಸವರಿದ. ಗಾರೆಯ ತಂಪು ತಗಲಿದ್ದೇ ಮಗು ಕಿಲಕಿಲನೆ ನಕ್ಕು ಕೈಯನ್ನು ಎಳೆದುಕೊಂಡಿತು. ಹೆಬ್ಬೆರಳು ಜಾರಿ, ಗುರುತಿನ ಬುಡದಲ್ಲಿ ಒಂದು ಸಣ್ಣ ಬಾಲ ಮೂಡಿತು.

"ಅಯ್ಯೋ, ಕೆಟ್ಟಿತು. ಸವರಿಬಿಡು, ಸೂರಯ್ಯ," ಎಂದಳು ನಾಗತಿ.

"ಬೇಡ," ಎಂದ ನಾಯಕ. ಅವನ ತುಟಿ ಒಣಗಿತ್ತು. "ನಗುತ್ತ ಒತ್ತಿದ ಕೈ ಈ ಗೋಡೆಯಲ್ಲಿ ಅದೊಂದೇ. ಹಾಗೆಯೇ ಇರಲಿ."

ಸರ್ಜಪ್ಪ ಅಣ್ಣನ ಕಾಲಿಗೆರಗಿ ಕಣ್ಣೊರೆಸಿಕೊಂಡ. ಕಣ್ಣೀರಿಗೇನು, ಈರುಳ್ಳಿ ಹೆಚ್ಚಿದರೂ ಬರುತ್ತದೆ.

ಸೂರಯ್ಯ ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಮಗುವಿನ ಕೈ ಹೂವಿನ ಹಾಗೆ ಮೂಡಿತು ಕಣೇ."

"ಮೂಡದೆ ಏನು? ಅರೆದವಳು ಯಾರು?" ಎಂದಳು ಹೊನ್ನೂರಿ.

ಮರುದಿನ ರಾಯಪ್ಪ ನಾಯಕ ತೀರಿಕೊಂಡ. ಚಿತೆಯ ಬೂದಿ ಆರುವ ಮೊದಲೇ ಕೋಟೆಯ ಬಾಗಿಲುಗಳಲ್ಲಿ ಸರ್ಜಪ್ಪನ ಕಾವಲು ನಿಂತಿತು. ನಾಗತಿಯನ್ನೂ ಮಗುವನ್ನೂ "ಸೂತಕ ಕಳೆಯುವ ತನಕ" ಎಂದು ಹಿಂದಿನ ಅಂತಃಪುರದಲ್ಲಿಟ್ಟು ಬೀಗ ಹಾಕಿದರು. ಆಮೇಲೆ ಸೂರಯ್ಯನಿಗೆ ಕರೆ ಬಂತು. ಹಜಾರದಲ್ಲಿ ಸರ್ಜಪ್ಪ ಒಬ್ಬನೇ ಕೈಗೋಡೆಯ ಮುಂದೆ ನಿಂತಿದ್ದ.

"ಸೂರಯ್ಯ, ನೀನು ಅರಮನೆಯ ಉಪ್ಪು ತಿಂದವನು."

"ಹೌದು, ಬುದ್ಧಿ."

"ಈಗ ಅರಮನೆಯೆಂದರೆ ನಾನು. ಈ ಸಣ್ಣ ಕೈಯನ್ನು ಕೆತ್ತಿ ತೆಗೆ. ಅಲ್ಲಿ ಹೊಸ ಗಾರೆ ಮೆತ್ತು. ನಾನು ಕೈಯೊತ್ತುತ್ತೇನೆ. ಗೌಡರು ಬಂದಾಗ ಅಣ್ಣ ಒತ್ತಿಸಿದ್ದು ನನ್ನ ಕೈಯನ್ನೇ ಎಂದು ನೀನು ಗೋಡೆ ಮುಟ್ಟಿ ಹೇಳು. ಅಷ್ಟೆ."

"ನಾಗತಿಯವರು ಕಣ್ಣಾರೆ ಕಂಡಿದ್ದಾರೆ, ಬುದ್ಧಿ."

"ಹೆತ್ತವಳ ಮಾತು ಕೈಗೋಡೆಯ ಸಾಕ್ಷಿಗೆ ಸಲ್ಲದು. ಅದು ನಿನಗೂ ಗೊತ್ತು."

ಸೂರಯ್ಯನಿಗೆ ಗೊತ್ತಿತ್ತು. ವಂಶಕ್ಕೆ ಕೂಸನ್ನು ಹೆತ್ತುಕೊಡಲು ಅವಳು ಬೇಕು, ಆ ಕೂಸು ಯಾವುದೆಂದು ಹೇಳಲು ಬೇಡ. ಹಿರಿಯರು ಮಾಡಿಟ್ಟ ಕಟ್ಟಳೆ ಹಾಗಿತ್ತು.

"ಮಗುವನ್ನು ಏನು ಮಾಡುತ್ತೀರಿ, ಬುದ್ಧಿ?"

"ಪಟ್ಟದ ನಂತರ ಹುಲಿಗುಡ್ಡದ ಕೋಟೆಗೆ ಕಳಿಸುತ್ತೇನೆ. ಅಲ್ಲಿ ಗಾಳಿ ಚೆನ್ನಾಗಿದೆ."

ಹುಲಿಗುಡ್ಡಕ್ಕೆ ಹೋದವರು ಯಾರೂ ಆ ಗಾಳಿಯ ಗುಣವನ್ನು ಹೇಳಲು ತಿರುಗಿ ಬಂದಿರಲಿಲ್ಲ.

"ನೀನು ಒಲ್ಲೆನೆಂದರೆ," ಸರ್ಜಪ್ಪ ನಗುತ್ತಲೇ ಅಂದ, "ಬಯಲಿನಿಂದ ಬೇರೊಬ್ಬ ಗಾರೆಯವನನ್ನು ಕರೆಸುತ್ತೇನೆ. ಅವನಿಗೆ ಈ ಗೋಡೆಯೂ ಒಂದೇ, ಕುರಿದೊಡ್ಡಿಯ ಗೋಡೆಯೂ ಒಂದೇ. ನೀನೂ ನಿನ್ನ ಬಾಯಿಬಡುಕಿ ಹೆಂಡತಿಯೂ ಮಗುವಿಗಿಂತ ಮೊದಲೇ ಹುಲಿಗುಡ್ಡ ನೋಡುತ್ತೀರಿ."

ಸೂರಯ್ಯ ಗೋಡೆಯ ಕಡೆ ನೋಡಿದ. ಒಲ್ಲೆನೆಂದರೆ ಉಳಿ ಬೇರೆಯವನ ಕೈಗೆ ಹೋಗುತ್ತದೆ. ಆ ಪುಟ್ಟ ಗುರುತು ಪುಡಿಯಾಗುತ್ತದೆ. ಗುರುತು ಹೋದ ಮೇಲೆ ಮಗುವನ್ನು ಉಳಿಸಿಕೊಳ್ಳಲು ಯಾರಿಗೂ ಕಾರಣವಿರುವುದಿಲ್ಲ. ಗೋಡೆ ಉಳಿಯಬೇಕಾದರೆ ಉಳಿ ತನ್ನ ಕೈಯಲ್ಲೇ ಇರಬೇಕು.

"ಆಗಲಿ, ಬುದ್ಧಿ," ಎಂದ. "ಆದರೆ ಕೈಗೋಡೆಯ ಕೈ ಕೆತ್ತುವುದನ್ನು ನಾಯಕರ ಮನೆತನದವರು ನೋಡಬಾರದು. ನೋಡಿದ ಕಣ್ಣು ಗಂಡುಸಂತಾನ ಕಾಣದು ಎಂದು ಹಿರಿಯರ ಮಾತಿದೆ."

ಸರ್ಜಪ್ಪನಿಗೆ ಮೂವರು ಹೆಂಡಿರು, ಇನ್ನೂ ಗಂಡು ಹುಟ್ಟಿರಲಿಲ್ಲ. ಅಣ್ಣನ ಮಗನಿಗೆ ಮಣ್ಣು ಕೊಡಲು ಅಂಜದವನು ಅಜ್ಜಿಯರ ಮಾತಿಗೆ ಅಂಜಿದ. ಹೊರಗೆ ಹೋಗಿ ಬಾಗಿಲೆಳೆದುಕೊಂಡು, ಉಳಿಯ ಸದ್ದಿಗೆ ಕಿವಿಗೊಟ್ಟು ಕುಳಿತ.

ಉಳಿಯ ಸದ್ದು ಕೇಳಿಸಿತು. ಸೂರಯ್ಯ ಹೊಡೆಯುತ್ತಿದ್ದುದು ನೆಲದ ಮೇಲಿಟ್ಟುಕೊಂಡ ಒಂದು ಬಿಡಿ ಇಟ್ಟಿಗೆಯನ್ನು. ಹೊಡೆತ ಹೊಡೆತದ ನಡುವೆ ಅವನ ಇನ್ನೊಂದು ಕೆಲಸ ಸಾಗಿತ್ತು. ಹಳೆಯ ಗಾರೆಯ ಮೇಲೆ ಹೊಸದನ್ನು ಮೆತ್ತುವ ಮೊದಲು ಹಳೆಯದಕ್ಕೆ ಉಳಿಯಿಂದ ಕಚ್ಚು ಹಾಕಬೇಕು; ಆ ಗಾಯಗಳಲ್ಲಿ ಬೇರು ಬಿಟ್ಟಂತೆ ಹೊಸ ಗಾರೆ ಹಿಡಿದು ನಿಲ್ಲುತ್ತದೆ. ಕಚ್ಚಿಲ್ಲದ ಗಾರೆ ನೆಂಟರ ಮನೆಯ ಪ್ರೀತಿಯ ಹಾಗೆ, ಮೇಲೆ ಚೆನ್ನಾಗಿಯೇ ಕಾಣುತ್ತದೆ. ಸೂರಯ್ಯ ಕಚ್ಚು ಹಾಕಲಿಲ್ಲ. ಮಗುವಿನ ಅಂಗೈಯ ಗುರುತಿಗೆ ಎರೆಮಣ್ಣನ್ನು, ನೀರು ಕಂಡರೆ ಹಿಟ್ಟಿನಂತೆ ಉಬ್ಬುವ ಕರಿಮಣ್ಣನ್ನು, ಮೆಲ್ಲಗೆ ತುಂಬಿದ. ಹೆಬ್ಬೆರಳ ಬಾಲವನ್ನು ತನ್ನ ಕಿರುಬೆರಳಿನಿಂದ ತುಂಬಿದ. ಇಡೀ ಚೌಕದ ಮೇಲೆ ಹರಳೆಣ್ಣೆ ಸವರಿದ. ಅದರ ಮೇಲೆ ಹೊಸ ಗಾರೆಯನ್ನು ಬೆರಳು ದಪ್ಪಕ್ಕೆ ಮೆತ್ತಿ ಮಟ್ಟ ಮಾಡಿದ. ಇಟ್ಟಿಗೆಯ ಚೂರುಗಳನ್ನು ನೆಲದ ಮೇಲೆ ಹರಡಿ, ಬಾಗಿಲು ತೆರೆದ.

"ಆಯಿತು, ಬುದ್ಧಿ. ಕೈಗೆ ತುಪ್ಪ ಹಚ್ಚುತ್ತೇನೆ."

"ತುಪ್ಪ ಕೂಸುಗಳಿಗೆ," ಎಂದು ಸರ್ಜಪ್ಪ ಒಣ ಅಂಗೈಯನ್ನೇ ಒತ್ತಿದ. ವಾರವೆಲ್ಲ ಆ ಅಂಗೈ ಉರಿದು ಸಿಪ್ಪೆ ಸುಲಿಯಿತು.

ಉತ್ತರಕ್ರಿಯೆಯ ದಿನ ಗಡಿಯ ಗೌಡರೆಲ್ಲ ಹಜಾರದಲ್ಲಿ ಕೂಡಿದರು. ಅವರಲ್ಲಿ ಹಿರಿಯ ಹಂಪಗೌಡ. ಹುಬ್ಬೂ ನರೆತ ಮುದುಕ, ರಾಯಪ್ಪ ನಾಯಕನನ್ನು ತೊಡೆಯ ಮೇಲೆ ಆಡಿಸಿದವನು. ಗೋಡೆಯ ಹೊಸ ಜೋಡಿಯಲ್ಲಿ ಎರಡೂ ದೊಡ್ಡ ಕೈಗಳನ್ನು ಕಂಡು ಅವನ ಮುಖ ಕಳೆಗುಂದಿತು. ಕಾವಲಿನ ನಡುವೆ ಮಗುವನ್ನೆತ್ತಿಕೊಂಡು ಬಂದು ನಿಂತ ನಾಗತಿ ಗೋಡೆಯನ್ನೊಮ್ಮೆ, ಸೂರಯ್ಯನನ್ನೊಮ್ಮೆ ನೋಡಿದಳು. "ಇದು ಮೋಸ," ಎಂದಳು. ಯಾರೂ ಅವಳ ಕಡೆ ತಿರುಗಲಿಲ್ಲ.

"ಗಾರೆಯವನೇ," ಹಂಪಗೌಡ ಎದ್ದು ನಿಂತ. "ಬಲಗೈಯನ್ನು ಗೋಡೆಗಿಟ್ಟು ನುಡಿ. ಕಟ್ಟಳೆಯನ್ನು ಕೇಳಿಸಿಕೊಂಡು ನುಡಿ. ಕೈಗೋಡೆ ಮುಟ್ಟಿ ಸುಳ್ಳಾಡಿದವನ ಕೈ ಗೋಡೆಗೇ ಸಲ್ಲತಕ್ಕದ್ದು. ಸಲ್ಲುವ ತನಕ ಅವನ ಮಾತಿಗೆ ಬೆಲೆಯಿಲ್ಲ. ಸಂದ ಮೇಲೆ ಅವನ ಮಾತಿಗೆ ಎದುರಿಲ್ಲ. ಹೇಳು, ಇದು ಯಾರ ಕೈ?"

ಸೂರಯ್ಯ ಬಲಗೈಯನ್ನು ಗೋಡೆಗಿಟ್ಟ. ಅವನು ಅರಿತ ತಂಪು ಅದು. ಇಡೀ ಬಾಳನ್ನು ಆ ತಂಪಿನ ಮೇಲೆ ಕೈಯಾಡಿಸುತ್ತ ಕಳೆದಿದ್ದ. ಸುತ್ತ ಸರ್ಜಪ್ಪನ ಕತ್ತಿಗಳಿದ್ದವು, ಗೌಡರು ಸೂತಕದ ನಿಯಮದಂತೆ ಆಯುಧ ಬಿಟ್ಟು ಬಂದಿದ್ದರು. ಈಗ ನಿಜ ಹೇಳಿದರೆ ಗೋಡೆ ಸಂಜೆಯೊಳಗೆ ನೆಲಸಮ. ಪಟ್ಟದ ದಿನವಾದರೆ ಗೌಡರು ತಂತಮ್ಮ ದಂಡಿನೊಡನೆ, ಒರೆಯಲ್ಲಿ ಕತ್ತಿಯೊಡನೆ ಬರುತ್ತಾರೆ.

"ಸರ್ಜಪ್ಪ ನಾಯಕರ ಕೈ," ಎಂದ.

ನಾಗತಿ ಅಳಲಿಲ್ಲ. "ನನ್ನ ಮಗನ ಕೈಗೆ ತುಪ್ಪ ಸವರಿದವನು ನೀನೇ ಅಲ್ಲವೇ?" ಎಂದಷ್ಟೇ ಕೇಳಿದಳು. ಸೂರಯ್ಯ ತಲೆ ತಗ್ಗಿಸಿದ್ದನ್ನು ಕಂಡು ಗೌಡರು, ಕೂಲಿಯವನಿಗೆ ದೊಡ್ಡವರೆದುರು ಸಂಕೋಚವೆಂದುಕೊಂಡರು.

ಹಜಾರದ ಸುದ್ದಿ ಕೇರಿಗೆ ತಲುಪಲು ಕುದುರೆ ಬೇಕಾಗಿರಲಿಲ್ಲ. ಸೂರಯ್ಯ ಮನೆಗೆ ಬಂದಾಗ ಹೊನ್ನೂರಿ ಹೊಸ್ತಿಲ ಮೇಲೆ ಕೂತಿದ್ದಳು.

"ಹೂವಿನ ಹಾಗೆ ಮೂಡಿತು ಅಂದೋನು ನೀನೇ ತಾನೇ?"

ಅವನು ಅಂಗಳದ ಕೊಡದಿಂದ ಕಾಲು ತೊಳೆಯತೊಡಗಿದ.

"ಹೇಳು, ಕೊರಳಿಗೆ ಕತ್ತಿ ಇಟ್ಟಿದ್ದರಾ? ಇಟ್ಟಿದ್ದರು ಅನ್ನು, ನಾನೇ ಬಿಸಿನೀರು ಕಾಸಿ ಕೊರಳು ತೊಳೀತೀನಿ. ನಾಳೆ ಬೆಳಗ್ಗೆ ಅರಮನೆ ಬಾಗಿಲಲ್ಲಿ ನಿಂತು ಊರಿಗೆಲ್ಲ ಕೂಗಿ ಹೇಳ್ತೀನಿ."

ಅವಳು ಕೂಗುವವಳೇ. ಕೂಗಿದರೆ ಮಧ್ಯಾಹ್ನದೊಳಗೆ ಅವಳ ಹೆಣವೂ, ಸಂಜೆಯೊಳಗೆ ಗೋಡೆಯೂ ಬೀಳುವವು. ಅವಳಿಗೆ ನಿಜ ಹೇಳಿದರೂ ಅಷ್ಟೇ: ಅವಳ ಮುಖದಲ್ಲಿ ಸಂತೋಷ ಅಡಗುತ್ತಿರಲಿಲ್ಲ, ಗಾಣದ ಎತ್ತಿಗೂ ಗೊತ್ತಾಗಿಬಿಡುತ್ತಿತ್ತು. ಅವಳು ಬದುಕಬೇಕಾದರೆ ತನ್ನನ್ನು ಬಿಟ್ಟು ಹೋಗಬೇಕು. ಸೂರಯ್ಯ ತನ್ನ ಬಾಳಿನಲ್ಲಿ ಮೆತ್ತಿದ ಗೋಡೆಗಳಲ್ಲೆಲ್ಲ ನುಣುಪಾದದ್ದನ್ನು ಆಗ ಮುಖಕ್ಕೆ ಮೆತ್ತಿಕೊಂಡ.

"ನನಗೆ ಕಂಡದ್ದು ಸರ್ಜಪ್ಪನವರ ಕೈ," ಎಂದ. "ನಿನಗೆ ಬೇಡವಾದರೆ ಅಣ್ಣನ ಊರಿಗೆ ಹೋಗು."

ಹೊನ್ನೂರಿ ಎದ್ದಳು. ಸೀರೆಯ ಗಂಟು ಕಟ್ಟಿದಳು. ಹೋಗುವಾಗ ಗಾರೆ ಅರೆಯುವ ತನ್ನ ಕಲ್ಲನ್ನು ಬೋರಲು ಹಾಕಿದಳು. ಸತ್ತವರ ಮನೆಯಲ್ಲಿ ಹಾಗೆ ಮಾಡುವ ರೂಢಿ. "ಇನ್ನು ನಿನ್ನ ಈ ಕೈಯಿಂದ ನೀರು ಕುಡಿಯೋದಿಲ್ಲ," ಎಂದು ಹೊರಟವಳು ಕೇರಿಯ ತಿರುವಿನಲ್ಲಿ ಒಮ್ಮೆ ನಿಂತಳು. ಅವನು ಕರೆಯಲೆಂದು ನಿಂತದ್ದು. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಹಾಕಿಕೊಂಡ ಬಾಗಿಲಿಗೆ ಹಣೆಯಿಟ್ಟು, ಅವಳ ಬಳೆಯ ಸದ್ದು ಕೇಳಿಸದಾಗುವ ತನಕ ನಿಂತೇ ಇದ್ದ.

ಆಮೇಲಿನ ದಿನಗಳಲ್ಲಿ ಸೂರಯ್ಯ ಊರಿನಲ್ಲಿ ನಡೆದಾಡುವ ಹೆಣವಾದ. ಕೇರಿಯ ಬಾವಿಯಲ್ಲಿ ಅವನು ಬಂದರೆ ಹಗ್ಗ ಎತ್ತಿಕೊಳ್ಳುತ್ತಿದ್ದರು. ಅವನು ಮೆತ್ತಿಕೊಟ್ಟ ಜಗಲಿಗಳ ಮೇಲೆ ಅವನಿಗೇ ಕೂರಲು ಜಾಗವಿರಲಿಲ್ಲ. ಸರ್ಜಪ್ಪನ ಕಡೆಯವರು ಎದುರಾದರೆ ಮಾತ್ರ ನಗುತ್ತಿದ್ದರು. ಬೈಗುಳವನ್ನಾದರೂ ಸಹಿಸಬಹುದು, ಆ ನಗೆಯನ್ನು ಸಹಿಸುವುದು ಕಷ್ಟ. ಒಬ್ಬನೇ ಮುದ್ದೆ ತೊಳಸಿ, ಒಬ್ಬನೇ ಉಂಡು, ಹೊತ್ತು ಹೋಗದೆ ಮನೆಯ ಹಿತ್ತಿಲ ಗೋಡೆಯ ಗಾರೆಯನ್ನು ಕೆತ್ತಿ ಬೀಳಿಸಿದ. ಕರಣೆಯನ್ನು ಎಡಗೈಗೆ ತೆಗೆದುಕೊಂಡು ಮತ್ತೆ ಮೆತ್ತತೊಡಗಿದ. ಎಡಗೈ ಕೇಳಲಿಲ್ಲ, ಗಾರೆ ಸೊಟ್ಟಗೆ ಕೂತಿತು, ಜಾರಿ ಬಿತ್ತು. ಬಿದ್ದದ್ದನ್ನು ಬಳಿದೆತ್ತಿ ಮತ್ತೆ ಮೆತ್ತಿದ. ಬೇಲಿಯಾಚೆಯಿಂದ ನೋಡಿದವರು, "ಸುಳ್ಳಿನ ಪಾಪ ಬಲಗೈಗೆ ಹತ್ತಿದೆ, ಆಗಲೇ ಸೆಟೆದುಹೋಗಿರಬೇಕು," ಎಂದು ಆಡಿಕೊಂಡರು.

ಪಟ್ಟದ ದಿನ ಹತ್ತಿರವಾದಾಗ ಸರ್ಜಪ್ಪನಿಂದ ಮತ್ತೆ ಕರೆ ಬಂತು. ಹೋಗಿ ನೋಡಿದರೆ ಹೊಸ ಚೌಕದ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಎಣ್ಣೆ ತನ್ನ ಕೆಲಸವನ್ನು ಬೇಗನೇ ಮಾಡುತ್ತಿತ್ತು.

"ಏನಿದು?" ಸರ್ಜಪ್ಪನ ಕಣ್ಣು ಕಿರಿದಾಯಿತು. "ಉಳಿದ ಯಾವ ಕೈಗೂ ಬಿರುಕಿಲ್ಲ."

"ಉಳಿದವೆಲ್ಲ ನಿಧಾನವಾಗಿ ಒಣಗಿದವು, ಬುದ್ಧಿ. ಇದಕ್ಕೆ ಅವಸರವಾಯಿತು."

"ಗೋಡೆಗೋ, ನನಗೋ?"

"ಗೋಡೆಯ ಮಾತು ಹೇಳಿದೆ, ಬುದ್ಧಿ."

ಸರ್ಜಪ್ಪ ಗೊಳ್ಳನೆ ನಕ್ಕ. ನಕ್ಕದ್ದರಿಂದ ಸೂರಯ್ಯ ಬದುಕಿದ. ತಿಳಿಸುಣ್ಣವನ್ನು ಬಟ್ಟೆಯ ತುದಿಯಲ್ಲಿ ಅದ್ದಿ ಬಿರುಕಿಗೆ ತುಂಬುತ್ತ, ನುಣುಪುಗಲ್ಲಿನಿಂದ ತಿಕ್ಕುತ್ತ ಕೂತ. ಹಿಡಿಯದಿರಲೆಂದು ಮೆತ್ತಿದ ಗಾರೆಯನ್ನು ಇನ್ನು ಕೆಲವು ದಿನ ಹಿಡಿದಿರು ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ಆಗ ಹಿಂದಿನಿಂದ ಕಾಲುಸದ್ದು ಕೇಳಿಸಿತು. ನಾಗತಿಯನ್ನು ಕಾವಲಿನವರು ದೇವರ ಮನೆಗೆ ಕರೆದೊಯ್ಯುತ್ತಿದ್ದರು. ಮಗು ಅವಳ ಕೈ ಬಿಡಿಸಿಕೊಂಡು ಓಡಿಬಂದು, ಗೋಡೆಯ ಮುಂದೆ ತನ್ನ ಅಂಗೈಯನ್ನು ಅಗಲಿಸಿ ಹಿಡಿಯಿತು.

"ಸೂಯಯ್ಯ, ನನ್ ಕೈ ಎಲ್ಲಿ?"

ನುಣುಪುಗಲ್ಲು ಸೂರಯ್ಯನ ಕೈಯಿಂದ ಜಾರಿ ಬಿತ್ತು. ಆ ಕೈ ಅಲ್ಲೇ, ಬೆರಳು ದಪ್ಪದ ಗಾರೆಯ ಹಿಂದೆ ಇತ್ತು.

ನಾಗತಿ ಬಂದು ಮಗುವನ್ನೆತ್ತಿಕೊಂಡಳು. "ಅವನನ್ನು ಕೇಳಬೇಡ, ಕಂದ. ತನ್ನ ಕೈಯನ್ನೇ ಮಾರಿಕೊಂಡವನಿಗೆ ನಿನ್ನ ಕೈಯ ನೆನಪೆಲ್ಲಿ?" ಎಂದು ನಡೆದಳು. ಸೂರಯ್ಯ ಕಲ್ಲನ್ನೆತ್ತಿಕೊಂಡು ತಿಕ್ಕುವುದನ್ನು ಮುಂದುವರಿಸಿದ. ಅಂದು ಅವನು ಊಟ ಮಾಡಲಿಲ್ಲ.

ಪಟ್ಟದ ಬೆಳಗು ಬಂತು. ಬೀದಿಗೆಲ್ಲ ತಳಿರು, ಆನೆಗೆ ಜೂಲು, ಗಡಿಗಡಿಯಿಂದ ದಂಡು ಕಟ್ಟಿಕೊಂಡು ಬಂದ ಗೌಡರು. ಹಜಾರದಲ್ಲಿ ನಗಾರಿಗಳನ್ನು ಗೋಡೆಗೆ ಒತ್ತಿಯೇ ಇಟ್ಟಿದ್ದರು. ಪಟ್ಟವೇರುವವನು ಗೋಡೆಯಲ್ಲಿರುವ ತನ್ನ ಗುರುತಿಗೆ ಅಂಗೈಯನ್ನು ಕೂಡಿಸುವುದು ಅಲ್ಲಿಯ ಶಾಸ್ತ್ರ. ಅದಕ್ಕೆ ಮೊದಲು ಗಾರೆಯವನು ಹೊಂಡದ ನೀರಿನಿಂದ ಆ ಚೌಕವನ್ನು ತೊಳೆಯಬೇಕು. ಸೂರಯ್ಯ ಕೊಡ ಹಿಡಿದು ನಿಂತ. ಗೌಡರಲ್ಲಿ ಕೆಲವರು ಮುಖ ತಿರುಗಿಸಿಕೊಂಡರು. ಅವನು ಚೌಕದ ಮೇಲಂಚಿನಿಂದ ನೀರನ್ನು ಹನಿಹನಿಯಾಗಿ, ಆತುರವಿಲ್ಲದೆ ಇಳಿಸಿದ. ನೀರು ಬಿರುಕಿನ ಜಾಡು ಹಿಡಿದು ಒಳಗಿಳಿಯುವುದು ಅವನೊಬ್ಬನಿಗೆ ಕಾಣುತ್ತಿತ್ತು. ಒಳಗೆ ಎರೆಮಣ್ಣು ಕುಡಿಯುತ್ತಿರಬೇಕು, ಉಬ್ಬುತ್ತಿರಬೇಕು. ಇಲ್ಲದಿದ್ದರೆ? ಇಲ್ಲದಿದ್ದರೆ ಮಗುವಿನ ಪಲ್ಲಕ್ಕಿ ಹುಲಿಗುಡ್ಡಕ್ಕೆ ಹೊರಡಲು ಹಿಂಬಾಗಿಲಲ್ಲಿ ಸಿದ್ಧವಾಗಿ ನಿಂತಿತ್ತು.

"ಸಾಕು, ಗೋಡೆಗೆ ನೆಗಡಿಯಾದೀತು," ಎಂದ ಸರ್ಜಪ್ಪ. ಅವನ ಕಡೆಯವರು ನಕ್ಕರು.

ಅವನು ಅರಿಸಿನ ಬಳಿದ ಅಂಗೈಯನ್ನು ಗುರುತಿಗೆ ಕೂಡಿಸಿ ಒತ್ತಿದ. ನಗಾರಿಗಳು ಒಮ್ಮೆಗೇ ಮೊಳಗಿದವು; ಗೋಡೆ ಗುಮ್ಮೆಂದಿತು. ಸರ್ಜಪ್ಪ ಕೈಯನ್ನು ಹಿಂದಕ್ಕೆಳೆದುಕೊಂಡ.

ಹೆಂಚಿನಿಂದ ರೊಟ್ಟಿ ಎದ್ದ ಹಾಗೆ ಇಡೀ ಚೌಕದ ಗಾರೆ ಅವನ ಕೈಯ ಜೊತೆಗೇ ಎದ್ದು ಬಂದು, ಅವನ ಕಾಲ ಮೇಲೆ ಬಿದ್ದು ಚೂರಾಯಿತು. ಹಿಂದೆ ಬೆಳ್ಳನೆಯ ಚೌಕದಲ್ಲಿ, ಕರಿಮಣ್ಣು ತುಂಬಿದ ಒಂದು ಪುಟ್ಟ ಅಂಗೈ. ಹೆಬ್ಬೆರಳ ಬುಡದಲ್ಲಿ ಸಣ್ಣ ಬಾಲ.

ನಗಾರಿಯವರ ಕೈ ನಿಂತಿತು. ಆ ಮೌನದಲ್ಲಿ ಮಗುವಿನ ಸ್ವರವೊಂದೇ ಕೇಳಿಸಿತು: "ಅವ್ವಾ, ನನ್ ಕೈ!"

ಗೌಡರ ಕತ್ತಿಗಳು ಒರೆಯಿಂದ ಅರ್ಧ ಹೊರಬಂದವು. ಆದರೆ ಸರ್ಜಪ್ಪ ಸುಲಭಕ್ಕೆ ಸೋಲುವವನಲ್ಲ. ಕಾಲಿನ ಮೇಲಿನ ಚೂರುಗಳನ್ನು ಝಾಡಿಸಿ, ನಿಧಾನವಾಗಿ ಮಾತಿಗೆ ತೊಡಗಿದ.

"ಹಿರಿಯರು ಅವಸರಪಡಬಾರದು. ಈ ಕೈಯನ್ನು ಇಲ್ಲಿ ಯಾರು ಒತ್ತಿಸಿದರು? ನನ್ನ ಅಣ್ಣನೋ, ಇಲ್ಲ, ಅಣ್ಣನನ್ನು ಹಜಾರಕ್ಕೆ ತರುವ ಮೊದಲೇ ಈ ನಾಗತಿಯೋ? ಅವಳೇ ಗಾರೆಯವನನ್ನು ಒಳಗೆ ಹಾಕಿಕೊಂಡು, ಗುಟ್ಟಾಗಿ ಮಗುವಿನ ಕೈಯೊತ್ತಿಸಿ, ನನ್ನನ್ನು ಈ ಸಭೆಯಲ್ಲಿ ಬೀಳಿಸಲು ಹೂಡಿದ ಆಟವಿದು. ಹೆತ್ತವಳ ಮಾತು ಸಲ್ಲದು. ಗಾರೆಯವನು ಅಂದು ಗೋಡೆ ಮುಟ್ಟಿ ನನ್ನ ಕೈ ಅಂದ, ಇಂದು ಮಗುವಿನದು ಅಂದಾನು. ಎರಡು ನಾಲಗೆಯವನನ್ನು ನಂಬಿ ನೀವು ಕೂಸಿಗೆ ರಾಜ್ಯ ಕಟ್ಟುವಿರಾ?"

ಅರ್ಧ ಬಂದ ಕತ್ತಿಗಳು ಅಲ್ಲೇ ನಿಂತವು. ಗೌಡರು ಒಬ್ಬರ ಮುಖ ಒಬ್ಬರು ನೋಡಿದರು. ಮಾತು ವಿಷವಾದರೂ ಕಟ್ಟಳೆಗೆ ಸರಿಯಾಗಿತ್ತು.

ಸೂರಯ್ಯ ಕೊಡವನ್ನು ಕೆಳಗಿಟ್ಟು ಮುಂದೆ ಬಂದ.

"ಗೌಡರೇ, ಅಂದು ನಾನು ಸುಳ್ಳಾಡಿದೆ. ನಿಜ ಹೇಳಿದ್ದರೆ ಈ ಗೋಡೆ ಇವತ್ತಿನವರೆಗೆ ಇರುತ್ತಿರಲಿಲ್ಲ. ಕಟ್ಟಳೆಯಲ್ಲಿ ಇನ್ನೂ ಒಂದು ಮಾತಿದೆಯಲ್ಲ. ಕೈ ಗೋಡೆಗೆ ಸಂದ ಮೇಲಿನ ಮಾತು. ಅಂದು ನೀವೇ ಹೇಳಿದಿರಿ."

ಹಂಪಗೌಡ ಒಂದು ಹೆಜ್ಜೆ ಹಿಂದೆ ಸರಿದ. ಅವನಿಗೆ ಮೊದಲು ಅರ್ಥವಾಯಿತು. ನಾಗತಿಗೆ ಆಮೇಲೆ.

"ಬೇಡ," ಅವಳು ಕಾವಲಿನವರನ್ನು ತಳ್ಳಿಕೊಂಡು ಬಂದಳು. "ಬೇಡ, ಸೂರಯ್ಯ. ನಾನು ನಿನಗೆ ಏನೆಲ್ಲ ಅಂದೆ. ನಾನು ಕ್ಷಮಿಸಿದ್ದೇನೆ; ನಾಡು ಕ್ಷಮಿಸುತ್ತದೆ."

"ನೀವು ಕ್ಷಮಿಸಿದರೆ ಸರ್ಜಪ್ಪನವರ ಮಾತೇ ಗಟ್ಟಿಯಾಗಿ ನಿಲ್ಲುತ್ತದೆ, ಅವ್ವಾ. ಗಾರೆಯವನೊಬ್ಬ ಸುಳ್ಳಾಡಿ ಸುಮ್ಮನೆ ಉಳಿದ, ಅವನ ಸುಳ್ಳಿನ ಮೇಲೆ ಕೂಸು ಪಟ್ಟವೇರಿತು ಅನ್ನುತ್ತಾರೆ. ಕಚ್ಚು ಹಾಕದೆ ಮೆತ್ತಿದ್ದು ನಿಲ್ಲುವುದಿಲ್ಲ. ನಿಲ್ಲಬಾರದೆಂದೇ ಆ ಗಾರೆಗೆ ನಾನು ಕಚ್ಚು ಹಾಕಲಿಲ್ಲ. ಚಿಕ್ಕೊಡೆಯರ ಪಟ್ಟ ನಿಲ್ಲಬೇಕು."

ಅವನು ಹಜಾರದ ಹೊಸ್ತಿಲ ಕಲ್ಲಿನ ಬಳಿಗೆ ಹೋಗಿ ಮಂಡಿಯೂರಿ, ಬಲಗೈಯನ್ನು ಅದರ ಮೇಲೆ ಚಾಚಿದ. ಆ ಕೆಲಸಕ್ಕೆ ಕತ್ತಿಯೆತ್ತಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಹಂಪಗೌಡನೇ ಬಂದ. ಮುದುಕನ ಕಣ್ಣು ಕಾಣದಷ್ಟು ನೀರು ತುಂಬಿತ್ತು. "ಕಣ್ಣೊರೆಸಿಕೊಳ್ಳಿ, ಗೌಡರೇ," ಎಂದ ಸೂರಯ್ಯ. "ಗುರಿ ತಪ್ಪಿದರೆ ಎರಡು ಸಲವಾಗುತ್ತದೆ."

ನಾಗತಿ ಮಗುವಿನ ಕಣ್ಣು ಮುಚ್ಚಿದಳು.

ವೈದ್ಯ ಬಟ್ಟೆ ಬಿಗಿದ ಮೇಲೆ, ಇಬ್ಬರು ಹಿಡಿದುಕೊಂಡು ನಡೆಸಿ, ಸೂರಯ್ಯನನ್ನು ಗೋಡೆಯ ಬಳಿಗೆ ತಂದರು. ಅವನು ಎಡ ಅಂಗೈಯನ್ನು ಗೋಡೆಗಿಟ್ಟ.

"ಇದು ಕುಮಾರ ಬೊಮ್ಮಣ್ಣ ನಾಯಕರ ಕೈ. ಹಿರಿಯ ನಾಯಕರು ಕಣ್ಣೆದುರೇ ಒತ್ತಿಸಿದರು. ಕೂಸು ನಕ್ಕಿತು, ಅದಕ್ಕೇ ಹೆಬ್ಬೆರಳು ಜಾರಿದೆ."

ಅವನ ಮಾತಿಗೆ ಎದುರಿರಲಿಲ್ಲ. ಸರ್ಜಪ್ಪನ ಕಡೆಯವರ ಆಯುಧಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಹಿಂಬಾಗಿಲಲ್ಲಿ ಸಿದ್ಧವಾಗಿದ್ದ ಪಲ್ಲಕ್ಕಿಯಲ್ಲಿ ಸರ್ಜಪ್ಪನನ್ನೇ ಕೂರಿಸಿ, ಗಾಳಿ ಚೆನ್ನಾಗಿರುವ ಕೋಟೆಗೆ ಕಳಿಸಿದರು.

ಅರಮನೆಯವರು ಸೂರಯ್ಯನಿಗೆ ಮೇನೆ ಕೊಟ್ಟರು. ಅವನು ನಡೆದೇ ಮನೆಗೆ ಹೋದ. ಬಾವಿಯ ಬಳಿ ಹಗ್ಗ ಎತ್ತಿಕೊಂಡಿದ್ದವರೆಲ್ಲ ಈಗ ಕೊಡಗಟ್ಟಲೆ ನೀರು ತಂದು ಅವನ ಬಾಗಿಲಲ್ಲಿಟ್ಟು ಹೋದರು. ಊರೆಲ್ಲ ಅವನ ಹೆಸರು ಹೇಳುತ್ತಿತ್ತು, ಮನೆಯೊಳಗೆ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ನೋವಿನಲ್ಲಿ ಮುದ್ದೆ ತೊಳಸಲಾಗದೆ, ಯಾರೋ ಇಟ್ಟುಹೋದ ಅನ್ನದ ಮುಂದೆ ಕೂತಿದ್ದ. ಎಡಗೈಯಿಂದ ಉಣ್ಣಲು ಮನಸ್ಸೊಪ್ಪಿರಲಿಲ್ಲ, ಅನ್ನ ತಣ್ಣಗಾಗಿತ್ತು.

ಅಂಗಳದಲ್ಲಿ ಕಲ್ಲು ಉರುಳಿದ ಸದ್ದಾಯಿತು. ಬೋರಲಾಗಿದ್ದ ಅರೆಯುವ ಕಲ್ಲನ್ನು ಯಾರೋ ಮಗುಚಿ ನೆಟ್ಟಗೆ ಮಾಡಿದ್ದರು. ಆಮೇಲೆ ಬಳೆಯ ಸದ್ದು ಹಿತ್ತಿಲ ಕಡೆ ಹೋಯಿತು. ಅಲ್ಲೇ ಬಹಳ ಹೊತ್ತು ನಿಂತಿತು.

ಹೊನ್ನೂರಿ ಹಿತ್ತಿಲ ಗೋಡೆಯನ್ನು ನೋಡುತ್ತಿದ್ದಳು. ಕೆಳಗಿನ ಸಾಲುಗಳು ಕುಡುಕ ಮೆತ್ತಿದಂತೆ ಸೊಟ್ಟ, ಅಲ್ಲಲ್ಲಿ ಜಾರಿಬಿದ್ದ ಗುರುತು. ಮೇಲೆ ಹೋದಂತೆ ಕೊಂಚ ನೆಟ್ಟಗೆ. ಎಲ್ಲ ಎಳೆತವೂ ಎಡದಿಂದ ಬಲಕ್ಕೆ ಹೋಗುವ ಬದಲು ಬಲದಿಂದ ಎಡಕ್ಕೆ. ಗಾರೆ ಒಣಗಿ ಬೆಳ್ಳಗಾಗಿ ಎಷ್ಟೋ ದಿನವಾಗಿತ್ತು. ಅವಳು ಆ ಕುಲದ ಹೆಣ್ಣು; ಗೋಡೆ ಹೇಳಿದ್ದು ತಿಳಿಯಲು ಅವಳಿಗೆ ಯಾರೂ ಬೇಕಾಗಿರಲಿಲ್ಲ. ಗೋಡೆಗೆ ಕೈಯಿಟ್ಟ ದಿನವೇ ಅವನಿಗೆ ಗೊತ್ತಿತ್ತು. ಕೈ ಹೋಗುವುದೆಂದು ಗೊತ್ತಿದ್ದು, ಇಲ್ಲಿ ಒಬ್ಬನೇ ಕೂತು, ಹೋಗುವುದಕ್ಕೆ ಮೊದಲೇ ಇನ್ನೊಂದು ಕೈಗೆ ಪಾಠ ಹೇಳಿಕೊಂಡಿದ್ದ.

ಒಳಗೆ ಬಂದಳು. ಅವನು ತಲೆಯೆತ್ತಲಿಲ್ಲ.

"ಗೋಡೆಗೆ ಹೇಳಿದೆ," ಎಂದಳು. "ನೀರಿಗೆ ಹೇಳಿದೆ, ಎಣ್ಣೆಗೆ ಹೇಳಿದೆ, ಎರೆಮಣ್ಣಿಗೆ ಹೇಳಿದೆ. ನನಗೊಬ್ಬಳಿಗೆ ಹೇಳಲಿಲ್ಲ."

"ಹೇಳಿದ್ದರೆ ನೀನು ಉಳೀತಿರಲಿಲ್ಲ."

"ಉಳಿದು ಏನು ಸುಖಪಟ್ಟೆ? ಅಣ್ಣನ ಮನೇಲಿ ದಿನಾ ನಿನ್ನ ಬೈದು ಬೈದು ನಾಲಗೆ ಸುಣ್ಣ ತಿಂದ ಹಾಗಾಯ್ತು."

ಅವಳು ಬಟ್ಟೆ ಸುತ್ತಿದ ಮೋಟುಗೈಯನ್ನು ನೋಡಿದಳು. ಮುಟ್ಟಲು ಹೋಗಿ, ಮುಟ್ಟದೆ, ಪಕ್ಕದಲ್ಲಿ ಬಿದ್ದಿದ್ದ ಕರಣೆಯನ್ನು ಎತ್ತಿ ತನ್ನ ಸೊಂಟಕ್ಕೆ ಸಿಗಿಸಿಕೊಂಡಳು. ಕುಲದ ಕಟ್ಟಳೆ ನೆನಪಿಸಲು ಅಲ್ಲಿ ಯಾರಿಗೂ ಬಾಯಿರಲಿಲ್ಲ. ಆಮೇಲೆ ಕೈ ತೊಳೆದು ಬಂದು ಎದುರಿಗೆ ಕೂತಳು. ತಣ್ಣಗಾದ ಅನ್ನವನ್ನು ಕಲಸಿ, ತುತ್ತು ಮಾಡಿ, ಅವನ ಮುಖದ ಮುಂದೆ ಹಿಡಿದಳು. ಅವನು ತುಟಿ ತೆರೆಯಲಿಲ್ಲ.

"ಬಾಯಿ ತೆಗಿ," ಎಂದಳು ಹೊನ್ನೂರಿ. "ಹೇಳೋಕಂತೂ ತೆಗೀಲಿಲ್ಲ. ಉಣ್ಣೋಕಾದರೂ ತೆಗಿ."